ಕಡಲಿಲ್ಲದ ಊರಿನಲ್ಲಿ ಓಡುವವರಿಗೆ

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗಿನ ಮಾತು. ಕಾರವಾರದ ನಮ್ಮ ಮನೆಯ ಹೊಸ್ತಿಲ ಮೇಲೆ ಬೆಳಗಿನ ಐದೂವರೆಗೆ ಮಗಳು ಕೂತು ಬೂಟಿನ ಲೇಸು ಬಿಗಿಯುತ್ತಿದ್ದಳು. ಬಚ್ಚಲ ಒಲೆಗೆ ಬೆಂಕಿ ಮಾಡಲು ಎದ್ದಿದ್ದ ನನ್ನ ತಾಯಿ, ಕೈಯಲ್ಲಿ ಒಣಗಿದ ತೆಂಗಿನ ಗರಿ ಹಿಡಿದುಕೊಂಡೇ ನಿಂತು ನೋಡಿದರು.

"ಎಲ್ಲಿಗೆ ತಂಗೀ, ಇಷ್ಟು ಹೊತ್ತಿಗೆ?"

"ಓಡ್ಲಿಕ್ಕೆ ಅಜ್ಜಿ. ಸಮುದ್ರದ ಹತ್ರ."

"ಯಾರು ಬೆನ್ನು ಹತ್ತಿದ್ದಾರೆ ಅಂತ?"

ನಾನು ನಕ್ಕೆ. ಮಗಳು ನಗಲಿಲ್ಲ. ಅವಳ ಬೆನ್ನು ಹತ್ತಿದ್ದು ಫೆಬ್ರವರಿ ತಿಂಗಳು. ದೆಹಲಿಯಲ್ಲಿ ಫೆಬ್ರವರಿಯಲ್ಲಿ ನಡೆಯುವ ಮ್ಯಾರಥಾನ್ ಸ್ಪರ್ಧೆಯಲ್ಲಿ ಅರ್ಧ ದೂರ, ಅಂದರೆ ಇಪ್ಪತ್ತೊಂದು ಕಿಲೋಮೀಟರು ಚಿಲ್ಲರೆ, ಓಡುತ್ತೇನೆಂದು ಆಗಸ್ಟಿನಲ್ಲೇ ಹಣ ಕಟ್ಟಿ ಹೆಸರು ನೋಂದಾಯಿಸಿದ್ದಳು. ಅಂಥ ಓಟಕ್ಕೆ ಹತ್ತು ಹನ್ನೆರಡು ವಾರಗಳ ತಯಾರಿ ಬೇಕು. ಲೆಕ್ಕ ಹಾಕಿ ನೋಡಿ: ತಯಾರಿಯ ವಾರಗಳೆಲ್ಲ ನವೆಂಬರ್, ಡಿಸೆಂಬರ್, ಜನವರಿಯಲ್ಲೇ ಬಂದು ಬೀಳುತ್ತವೆ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಆ ಮೂರು ತಿಂಗಳು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮಲ್ಲಿ ಅನೇಕರನ್ನು ನೋಡುತ್ತೇನೆ. ನಾಟಕ ಮುಗಿದು ಊಟಕ್ಕೆ ಸಾಲು ನಿಂತಾಗ ಹುಡುಗರು ಹುಡುಗಿಯರು ಮಾತಾಡುವುದು ಪರೀಕ್ಷೆಯ ವಿಷಯ, ಕೆಲಸದ ವಿಷಯ, ಇತ್ತೀಚೆಗೆ ಓಟದ ವಿಷಯ. ಒಬ್ಬರು ನೆಹರೂ ಪಾರ್ಕಿನಲ್ಲಿ ಓಡುತ್ತಾರೆ, ಒಬ್ಬರು ಲೋದಿ ಗಾರ್ಡನ್ನಿನಲ್ಲಿ, ಗುಡಗಾಂವ್ ಕಡೆಯವರು ಅರಾವಳಿಯ ಪಾರ್ಕಿನಲ್ಲಿ. ನಮ್ಮ ಕಾಲದಲ್ಲಿ ದೆಹಲಿಯ ಕನ್ನಡಿಗ ಬೆಳಿಗ್ಗೆ ಓಡುತ್ತಿದ್ದದ್ದು ಡಿ.ಟಿ.ಸಿ. ಬಸ್ಸಿನ ಹಿಂದೆ ಮಾತ್ರ. ಆದ್ದರಿಂದ ನಿಮ್ಮನ್ನು ನೋಡಿದರೆ ಸಂತೋಷವೇ. ಈ ಲೇಖನ ಬರೆಯುತ್ತಿರುವುದು ಓಡಬೇಡಿ ಎಂದು ಹೇಳಲಿಕ್ಕಲ್ಲ. ನನ್ನ ಮನೆಯಲ್ಲಿ ಒಂದು ಚಳಿಗಾಲ ಏನಾಯಿತು ಎಂದು ಹೇಳಲಿಕ್ಕೆ.

ಮಗಳು ಮಯೂರ ವಿಹಾರದ ನಮ್ಮ ಮನೆಯಿಂದ ಸಂಜಯ್ ಝೀಲ್ ಕಡೆಗೆ ದಿನಾ ಬೆಳಿಗ್ಗೆ ಓಡುತ್ತಿದ್ದಳು. ಭಾನುವಾರ ಮಾತ್ರ ಒಂದು ಓಟದ ಗುಂಪಿನ ಜೊತೆ ನೆಹರೂ ಪಾರ್ಕಿನಲ್ಲಿ ದೂರದ ಓಟ. ಬೇಗ ಮಲಗಿ ಬೇಗ ಏಳುವ ಅಭ್ಯಾಸ ನಾನೇ ಕಲಿಸಿದ್ದು. ನಾನು ನನ್ನ ತಂದೆಯಿಂದ ಕಲಿತದ್ದು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೆ ಗಾಳಿ ಶುದ್ಧ, ಮನಸ್ಸು ಶುದ್ಧ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಹಾಗಾಗಿ ನವೆಂಬರ್ ಬಂದಾಗ ನಾನು ಅವಳಿಗೆ ಕೊಟ್ಟ ಬುದ್ಧಿವಾದ ಇಷ್ಟೇ: "ಟ್ರಾಫಿಕ್ ಶುರುವಾಗೋಕೆ ಮುಂಚೆ ಹೋಗಿ ಬಂದ್ಬಿಡು. ಐದಕ್ಕೇ ಹೊರಡು."

ಇದು ತಪ್ಪು ಬುದ್ಧಿವಾದ. ಎಷ್ಟು ತಪ್ಪು ಎಂದು ಗೊತ್ತಾಗಲು ಮೂರು ವಾರ ಬೇಕಾಯಿತು. ಮೊದಲು ಗಂಟಲು ಕೆರೆತ, ಆಮೇಲೆ ಒಣ ಕೆಮ್ಮು. ಕೆಮ್ಮು ರಾತ್ರಿ ಹೊತ್ತು ಹೆಚ್ಚು. ಒಂದು ಭಾನುವಾರ ಹನ್ನೆರಡು ಕಿಲೋಮೀಟರು ಓಡಬೇಕಾದವಳು ಎಂಟಕ್ಕೇ ನಿಂತು, ಮೊಣಕಾಲ ಮೇಲೆ ಕೈಯೂರಿ, ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು ಬರುತ್ತಿದೆ ಎಂದು ಫೋನು ಮಾಡಿದಳು. ಗುಂಪಿನ ತರಬೇತುದಾರರು "ಚಳಿಗೆ ಎಲ್ಲರಿಗೂ ಹೀಗೇ, ಇನ್ನೆರಡು ವಾರ ಓಡಿದರೆ ಪಳಗುತ್ತೆ" ಎಂದರಂತೆ. ನಾನು ಅವರನ್ನು ಬಯ್ಯುವ ಹಾಗಿರಲಿಲ್ಲ, ಐದು ಗಂಟೆಗೆ ಎಬ್ಬಿಸಿ ಕಳಿಸಿದವನು ನಾನೇ.

ಡಾಕ್ಟರು ಕೊಳವೆಗೆ ಊದಿಸುವ ಪರೀಕ್ಷೆ ಮಾಡಿಸಿದರು. ಶ್ವಾಸನಾಳಗಳು ಕೆರಳಿ ಕಿರಿದಾಗಿವೆ ಎಂದರು. ಎರಡು ಕಾರಣ ಹೇಳಿದರು. ಒಂದು, ಚಳಿಗಾಲದ ತಣ್ಣನೆಯ ಒಣ ಗಾಳಿಯನ್ನು ಬಾಯಲ್ಲಿ ಎಳೆದುಕೊಂಡು ಜೋರಾಗಿ ಓಡಿದರೆ ಕೆಲವರ ಶ್ವಾಸನಾಳ ಹಾಗೆ ಬಿಗಿಯುತ್ತದೆ. ಎರಡನೆಯದು ಆ ಗಾಳಿಯಲ್ಲಿದ್ದ ವಸ್ತು. ಸುಮ್ಮನೆ ಕೂತವರು ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಉಸಿರಾಡಿದರೆ, ಓಡುವವರು ಅರವತ್ತು ಲೀಟರಿಗೂ ಹೆಚ್ಚು ಎಳೆದುಕೊಳ್ಳುತ್ತಾರೆ. ಅದೂ ಬಾಯಿಂದ, ಮೂಗಿನ ಜರಡಿ ತಪ್ಪಿಸಿ. "ಅರ್ಧ ಗಂಟೆ ಓಡಿದರೆ ಬೇರೆಯವರು ನಾಲ್ಕೈದು ತಾಸು ಉಸಿರಾಡಿದಷ್ಟು ನೀನು ಉಸಿರಾಡಿರ್ತೀಯ" ಎಂದು ಅವರು ಹೇಳಿದಾಗ ಮಗಳು ಮುಖ ಸಪ್ಪೆ ಮಾಡಿಕೊಂಡಳು. ಓಡಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಎಲ್ಲಿ, ಯಾವ ಹೊತ್ತಿಗೆ ಎಂದು ನೋಡು ಎಂದರು.

ಆ ಹೊತ್ತಿನ ವಿಷಯ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಿಮ್ಮ ತಂದೆ ತಾಯಿಗೂ ಗೊತ್ತಿರಲಾರದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಗಲು ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ಅದರ ಜೊತೆ ತಣ್ಣಗಾಗುತ್ತದೆ. ಮೇಲಿನ ಗಾಳಿ ಮಾತ್ರ ಬೆಚ್ಚಗೇ ಉಳಿಯುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಮೇಲೇಳುವುದಿಲ್ಲ. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದಂತೆ ಬೆಚ್ಚನೆಯ ಗಾಳಿ ಮೇಲೆ ಮುಚ್ಚಿಕೊಂಡಿರುತ್ತದೆ. ರಾತ್ರಿಯಿಡೀ ಓಡುವ ಲಾರಿಗಳ ಹೊಗೆ, ಚಳಿ ಕಾಯಿಸಿಕೊಳ್ಳಲು ಹಚ್ಚಿದ ಬೆಂಕಿಯ ಹೊಗೆ, ರಸ್ತೆಯ ಧೂಳು, ಸುತ್ತಲ ಊರುಗಳಿಂದ ಬಂದದ್ದು ಎಲ್ಲ ಆ ತಟ್ಟೆಯ ಕೆಳಗೇ ಸೇರುತ್ತ ಹೋಗುತ್ತದೆ. ಬೆಳಗಿನ ಜಾವ ಚಳಿ ಹೆಚ್ಚು ಎಂದರೆ ತಟ್ಟೆ ಅಷ್ಟೇ ಕೆಳಗೆ, ಅಷ್ಟೇ ಬಿಗಿಯಾಗಿ ಮುಚ್ಚಿದೆ ಎಂದು ಅರ್ಥ. ಸೂರ್ಯ ಬಂದು ನೆಲ ಕಾದು, ಗಾಳಿ ಮೇಲೇಳಲು ಶುರುವಾಗಿ ತಟ್ಟೆ ಸರಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಒಟ್ಟಿನಲ್ಲಿ ದೆಹಲಿಯ ಚಳಿಗಾಲದಲ್ಲಿ ಶುದ್ಧ ಎಂದು ನಾವು ನಂಬಿದ ಬ್ರಾಹ್ಮೀ ಮುಹೂರ್ತವೇ ಎಷ್ಟೋ ದಿನ ಅತ್ಯಂತ ಕೆಟ್ಟ ಹೊತ್ತು. ನಮ್ಮ ಹಿರಿಯರದು ಸುಳ್ಳಲ್ಲ. ಅವರು ಹೇಳಿದ್ದು ಬೇರೆ ಊರಿನ ಗಾಳಿಯ ಬಗ್ಗೆ.

ಇದರಲ್ಲಿ ಒಂದು ವಿಚಿತ್ರ ಇದೆ. ದೂರದ ಓಟಕ್ಕೆ ಹತ್ತು ಡಿಗ್ರಿ ಆಸುಪಾಸಿನ ತಂಪು ಹೇಳಿ ಮಾಡಿಸಿದ್ದು. ಓಡುವ ಮೈ ತಾನೇ ಒಲೆಯಂತೆ ಕಾಯುವುದರಿಂದ ಹೊರಗೆ ತಂಪಿದ್ದಷ್ಟೂ ಒಳ್ಳೆಯದು. ಡಿಸೆಂಬರಿನ ದೆಹಲಿಯ ಬೆಳಗು ಥರ್ಮಾಮೀಟರಿನಲ್ಲಿ ಸರಿಯಾಗಿ ಅಷ್ಟೇ ತೋರಿಸುತ್ತದೆ. ತಂಪಿಗೆ ಕೊರತೆಯಿಲ್ಲ, ಉಸಿರಾಡಲು ಗಾಳಿಯಿಲ್ಲ. ಮದುವೆ ಮನೆಯಲ್ಲಿ ಬಾಳೆ ಎಲೆ ಹಾಕಿ ನೀರು ಚಿಮುಕಿಸಿ ಕೂರಿಸಿದ ಮೇಲೆ ಅನ್ನ ಹಳಸಿದೆ ಎಂದ ಹಾಗೆ.

ಇಂಥ ಫಜೀತಿ ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. ದೆಹಲಿಯ ದೊಡ್ಡ ಓಟ, 2005ರಲ್ಲಿ ಶುರುವಾದ ದೆಹಲಿ ಹಾಫ್ ಮ್ಯಾರಥಾನ್, 2017ರಲ್ಲಿ ನವೆಂಬರ್ 19ಕ್ಕೆ ನಡೆಯಿತು. ಅದಕ್ಕೆ ಮುಂಚಿನ ದಿನಗಳಲ್ಲಿ ನಗರ ಹೊಗೆಯಲ್ಲಿ ಮುಳುಗಿತ್ತು, ಶಾಲೆಗಳಿಗೆ ರಜೆ ಕೊಟ್ಟಿದ್ದರು. ಭಾರತೀಯ ವೈದ್ಯಕೀಯ ಸಂಘವೇ ಓಟ ಮುಂದಕ್ಕೆ ಹಾಕಿ ಎಂದು ಕೇಳಿತು, ವಿಷಯ ಹೈಕೋರ್ಟಿಗೂ ಹೋಯಿತು. ಆದರೂ ಓಟ ನಡೆಯಿತು. ಕೆಲವರು ಮುಖವಾಡ ಹಾಕಿಕೊಂಡು ಓಡಿದರು. ಧೂಳು ಏಳದಿರಲಿ ಎಂದು ವ್ಯವಸ್ಥಾಪಕರು ದಾರಿಯುದ್ದಕ್ಕೂ ಏನು ಚಿಮುಕಿಸಿದರು ಗೊತ್ತೇ? ಉಪ್ಪು ಬೆರೆಸಿದ ನೀರು! ಉಪ್ಪಿಗೆ ತೇವ ಹಿಡಿದಿಡುವ ಗುಣ ಇದೆ, ಉಪಾಯ ಸರಿಯಾದದ್ದೇ. ಆದರೂ ಕಡಲ ತೀರದಲ್ಲಿ ಹುಟ್ಟಿದ ನನಗೆ ಆ ಸುದ್ದಿ ಓದಿ ನಗು ಬಂತು, ಸಂಕಟವೂ ಆಯಿತು. ಕಡಲಿಲ್ಲದ ಊರಿಗೆ ಉಪ್ಪುನೀರನ್ನು ಟ್ಯಾಂಕರಿನಲ್ಲಿ ತಂದರು, ಕಡಲ ಗಾಳಿಯನ್ನು ತರಲಾಗಲಿಲ್ಲ. ಮರುವರ್ಷ ಓಟವನ್ನು ಅಕ್ಟೋಬರಿಗೆ ಹಿಂದೂಡಿದರು. ಈಚಿನ ವರ್ಷಗಳಲ್ಲೂ ಅದು ಅಕ್ಟೋಬರಿನಲ್ಲೇ ನಡೆಯುತ್ತಿದೆ. ದೊಡ್ಡ ದೊಡ್ಡ ಓಟಗಳೇ ಪಂಚಾಂಗ ಬದಲಿಸಿಕೊಂಡಿರುವಾಗ ನಮ್ಮ ಮಗಳದೇನು ದೊಡ್ಡ ಮಾತು ಎಂದು ನಾನು ವಾದಿಸಿದೆ.

ಅವಳು ಒಪ್ಪಲಿಲ್ಲ. ಈ ಕಾಲದ ಮಕ್ಕಳು ಬರಿಗೈಯಲ್ಲಿ ವಾದಕ್ಕೆ ಬರುವುದಿಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನವೊಂದನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ದೆಹಲಿಯಷ್ಟು ಹೊಲಸು ಗಾಳಿಯಲ್ಲೂ ವಾರಕ್ಕೆ ಐದು ತಾಸಿಗಿಂತ ಹೆಚ್ಚು ಸೈಕಲ್ ತುಳಿದರೆ ಮಾತ್ರ ವ್ಯಾಯಾಮದ ಲಾಭಕ್ಕಿಂತ ಗಾಳಿಯ ನಷ್ಟ ಹೆಚ್ಚಾದೀತು ಎಂದು ಅದರಲ್ಲಿತ್ತು. "ನೋಡು ಅಪ್ಪ, ಮನೇಲಿ ಕೂತ್ಕೊಂಡ್ರೆ ಅದೂ ಕಾಯಿಲೇನೇ." ಮಾತು ನಿಜ. ನಾನೂ ಕನ್ನಡಕ ಹಾಕಿಕೊಂಡು ಓದಿದೆ. ಅವರ ಲೆಕ್ಕ ವರ್ಷದ ಸರಾಸರಿ ಗಾಳಿಯದು, ಸಾಧಾರಣ ವೇಗದ ಸೈಕಲ್ಲಿನದು. ನವೆಂಬರಿನ ಒಂದು ವಾರ ಸರಾಸರಿ ವಾರ ಅಲ್ಲ. ಹದಿನೈದು ಕಿಲೋಮೀಟರಿನ ಓಟ ಸಾಧಾರಣ ಸೈಕಲ್ ಸವಾರಿಯೂ ಅಲ್ಲ. ಎದೆಯಲ್ಲಿ ಸಿಳ್ಳೆ ಹೊಡೆಯುವವರ ಲೆಕ್ಕ ಅಂತೂ ಬೇರೆಯೇ. ಅಷ್ಟು ಹೇಳಿದೆ. ಎರಡು ದಿನ ಮನೆಯಲ್ಲಿ ಮಾತು ನಿಂತಿತು. ಮೂರನೆಯ ದಿನ ಅವಳ ತಾಯಿ ಉಪಾಯ ಹುಡುಕಿದಳು: ಡಿಸೆಂಬರಿನಲ್ಲಿ ಹೇಗೂ ಅಜ್ಜಿಯನ್ನು ನೋಡಲು ಹೋಗಬೇಕು, ಹತ್ತು ದಿನ ಮೊದಲೇ ಹೋಗಿ, ಅಲ್ಲಿ ಓಡಲಿ.

ಹಾಗೆ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮುಂಚೆ ನಮ್ಮ ಕಡೆಗೆ ಹೋಗುವುದೆಂದರೆ ರೈಲು ಬದಲಿಸಿ, ಘಟ್ಟ ಇಳಿಯುವ ಬಸ್ಸು ಹಿಡಿದು, ಮೈ ನುಗ್ಗಾಗಿ ಮನೆ ಸೇರುವುದು. ಈಗ ಕೂತ ಕಡೆಯಿಂದ ಏಳದೆ ಕಾರವಾರ ಬರುತ್ತದೆ. ಗೋವಾ ದಾಟುವ ಹೊತ್ತಿಗೆ ಮಗಳ ಕೆಮ್ಮು ಕಡಿಮೆಯಾಗಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಔಷಧಿಯಿಂದಲೇ ಆಗಿದ್ದೀತು ಎಂದು ನಾನು.

ಈಗ ಕಡಲ ತೀರಕ್ಕೆ ಬರೋಣ. ಕಾರವಾರದ ಕಡಲ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರು ಇಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ಕವಿ ಬಂದು ಇದ್ದು ಹೋಗಿದ್ದರು. ಒಂದು ಕಡೆ ಬೈತಖೋಲ್ ಬಂದರು, ಇನ್ನೊಂದು ಕಡೆ ಕಾಳಿ ನದಿ ಕಡಲು ಸೇರುವ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ನಡುವೆ ದಂಡೆಯ ಮೇಲೆ ನೌಕಾಪಡೆಯ ಹಳೆಯ ಹಡಗು 'ಚಾಪಲ್' ಈಗ ವಸ್ತುಸಂಗ್ರಹಾಲಯವಾಗಿ ಕೂತಿದೆ. ಓಡುವವರಿಗೆ ಅದು ಒಳ್ಳೆಯ ಗುರುತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಣಿಸಿಕೊಂಡರೆ ಸುತ್ತಿನ ಲೆಕ್ಕ ತಪ್ಪುವುದಿಲ್ಲ.

ಮೊದಲ ದಿನ ಮಗಳ ಜೊತೆ ನಾನೂ ಹೋದೆ, ಓಡಲಿಕ್ಕಲ್ಲ, ಟಾರ್ಚ್ ಹಿಡಿದು ನಿಲ್ಲಲಿಕ್ಕೆ. ಪಶ್ಚಿಮದ ಕಡಲಾದ್ದರಿಂದ ಇಲ್ಲಿ ಸೂರ್ಯ ನೀರಿನಿಂದ ಏಳುವುದಿಲ್ಲ, ಬೆನ್ನ ಹಿಂದಿನ ಸಹ್ಯಾದ್ರಿಯ ಮೇಲಿಂದ ತಡವಾಗಿ ಬರುತ್ತಾನೆ. ದಂಡೆಯ ಮೇಲೆ ತುಂಬ ಹೊತ್ತು ನಸುಕು. ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಮಿಣುಕುತ್ತಿತ್ತು. ಚಳಿ ಎನ್ನುವಷ್ಟು ಚಳಿ ಇಲ್ಲ, ಇಪ್ಪತ್ತು ಇಪ್ಪತ್ತೊಂದು ಡಿಗ್ರಿ ಇದ್ದೀತು. ದೆಹಲಿಯಿಂದ ಬಂದವರಿಗೆ ಅದು ಮಾರ್ಚಿನ ಹವೆ. ಊರಿನವರು ಮಾತ್ರ ಮಫ್ಲರ್ ಸುತ್ತಿಕೊಂಡಿದ್ದರು!

ಮಗಳು ಬೂಟು ತೊಟ್ಟು ದಂಡೆಯ ಮೇಲ್ಭಾಗದ ಒಣ ಮರಳಿನಲ್ಲಿ ಓಡಲು ಶುರು ಮಾಡಿದಳು. ಹತ್ತು ನಿಮಿಷಕ್ಕೆ ಏದುಸಿರು. ನನಗೆ ಗಾಬರಿಯಾಯಿತು, ಮತ್ತೆ ಎದೆ ಹಿಡಿಯಿತೇನೋ ಎಂದು. ಹಾಗಲ್ಲ, ಅದು ಮರಳಿನ ಕೆಲಸ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲದ ಮೇಲೆ ಓಡುವುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಬೆಲ್ಜಿಯಮ್ಮಿನ ಸಂಶೋಧಕರು 1998ರಲ್ಲಿ ಅಳೆದು 1.6 ಪಟ್ಟು ಎಂದಿದ್ದಾರೆ. ಕಾಲು ಊರಿದಾಗ ಮರಳು ಸರಿದುಹೋಗುತ್ತದೆ, ನಾವು ತಳ್ಳಿದ ಬಲದಲ್ಲಿ ಒಂದು ಪಾಲನ್ನು ಮರಳೇ ತಿಂದುಬಿಡುತ್ತದೆ. ಬಲೆ ಬಿಡಿಸುತ್ತ ಕೂತಿದ್ದ ಒಬ್ಬ ಹಿರಿಯರು ಇದನ್ನು ಯಾವ ಸಂಶೋಧನೆಯೂ ಇಲ್ಲದೆ ಹೇಳಿದರು: "ಮೇಲೆ ಯಾಕೆ ಓಡ್ತೀ ಮಗಾ, ಕೆಳಗೆ ನೀರು ಬಿಟ್ಟುಹೋದ ಜಾಗದಲ್ಲಿ ಓಡು."

ನೀರು ಬಿಟ್ಟುಹೋದ ಜಾಗ ಎಂದರೆ ಇಳಿತದಲ್ಲಿ ಕಡಲು ಹಿಂದೆ ಸರಿದಾಗ ಉಳಿಯುವ ಒದ್ದೆ ಮರಳು. ಸಿಮೆಂಟಿನಷ್ಟು ಗಟ್ಟಿಯಲ್ಲ, ಒಣ ಮರಳಿನಷ್ಟು ಸಡಿಲವೂ ಅಲ್ಲ. ಹೆಜ್ಜೆ ಅಚ್ಚಾಗಿ ಮೂಡುತ್ತದೆ, ಮೊಣಕಾಲಿಗೆ ಪೆಟ್ಟು ಕಡಿಮೆ. ಆದರೆ ಅದು ದಿನಾ ಒಂದೇ ಹೊತ್ತಿಗೆ ಸಿಗುವುದಿಲ್ಲ. ಉಬ್ಬರ ಇಳಿತ ಎರಡೂ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತವೆ. ನಾವು ಹೋದದ್ದು ಅಮಾವಾಸ್ಯೆಯ ಸುಮಾರಿಗೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಬೆಳಗಿನ ಜಾವಕ್ಕೇ ಬರುತ್ತದೆ, ನೀರು ದೂರಕ್ಕೂ ಸರಿಯುತ್ತದೆ. ಒಂದು ವಾರ ಕಳೆದರೆ ಅದೇ ಬೆಳಗಿನ ಜಾವ ನೀರು ಮೇಲೆ ಬಂದು, ಓಡಲು ಒಣ ಮರಳು ಮಾತ್ರ ಉಳಿದಿರುತ್ತದೆ. ಮಗಳು ಇದನ್ನು ಮೂರೇ ದಿನದಲ್ಲಿ ಕಲಿತಳು. ಇನ್ನೊಂದೆರಡು ವಿಷಯ ಪೆಟ್ಟು ತಿಂದು ಕಲಿತಳು. ದಂಡೆ ನೀರಿನ ಕಡೆಗೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ತಿರುಗಿ ಬಂದರೆ ಮಾತ್ರ ಸಮ. ಬರಿಗಾಲಲ್ಲಿ ಓಡುವ ಉಮೇದು ಬಂದರೆ ಮೊದಲ ದಿನ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಅವಳು ಇಪ್ಪತ್ತು ನಿಮಿಷ ಓಡಿ, ಮಾರನೆಯ ದಿನ ಮೀನಖಂಡ ಹಿಡಿದುಕೊಂಡು ಅಜ್ಜಿಯ ಕೈಯಲ್ಲಿ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡಳು. ಅಂದಹಾಗೆ ಅಜ್ಜಿಯ ಪ್ರಶ್ನೆಗೂ ದಂಡೆಯಲ್ಲೇ ಉತ್ತರ ಸಿಕ್ಕಿತು. ಎರಡನೆಯ ದಿನ ಮೂರು ನಾಯಿಗಳು ನಿಜವಾಗಿಯೂ ಬೆನ್ನು ಹತ್ತಿದವು.

ಇನ್ನೊಂದು ಮಾತು, ನನಗೂ ಈ ವಯಸ್ಸಿನಲ್ಲಿ ಹೊಳೆದದ್ದು. ಬೆಳಗಿನ ಜಾವ ದಂಡೆಯಲ್ಲಿ ಬೀಸುವ ತಂಗಾಳಿ ಕಡಲಿನದಲ್ಲ, ಘಟ್ಟದ್ದು! ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಬೆಚ್ಚಗೇ ಇರುತ್ತದೆ, ಅದಕ್ಕೇ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ದಿನಕ್ಕೆರಡು ಸಲ ಊರಿನ ಗಾಳಿಯನ್ನು ಯಾರೋ ಗುಡಿಸಿ ತೆಗೆದ ಹಾಗೆ. ದೆಹಲಿಗೆ ಇಲ್ಲದ್ದು ಈ ಗುಡಿಸುವವರು. ಆದರೆ ಊರಿನ ಗಾಳಿ ಅಮೃತ ಎಂದು ನಾನು ಬರೆಯಲಾರೆ. ಘಟ್ಟದಿಂದ ಬರುವ ಗಾಳಿ ಊರಿನ ಮೇಲೆ ಹಾದು ಬರುವಾಗ ನಮ್ಮ ಬಚ್ಚಲೊಲೆಗಳ ಹೊಗೆಯನ್ನೂ, ಅಂಗಳ ಗುಡಿಸಿ ಸುಡುವ ಎಲೆಯ ಹೊಗೆಯನ್ನೂ ತರುತ್ತದೆ. ನಾಲ್ಕನೆಯ ದಿನ ಮಗಳು ಮನೆಗೆ ಬಂದವಳೇ, "ಅಜ್ಜಿ, ಆರೂವರೆವರೆಗೆ ಒಲೆ ಹಚ್ಚಬೇಡಿ" ಎಂದಳು. ಅಜ್ಜಿ ಆ ದಿನ ನನ್ನ ಜೊತೆ ಮಾತಾಡಲಿಲ್ಲ, ಮಗಳಿಗೆ ಇದನ್ನೇ ಕಲಿಸಿದ್ದೀಯಾ ಎಂದು.

ಅಲ್ಲಿ ಸಂಜೆಗಳಲ್ಲಿ ನಾವು ಓಟಗಾರರ ಕಥೆ ಮಾತಾಡಿಕೊಂಡೆವು. ಪಿ.ಟಿ. ಉಷಾ ಪಯ್ಯೋಳಿಯ ಕಡಲ ದಂಡೆಯಲ್ಲಿ ನಂಬಿಯಾರ್ ಅವರ ಕೈಕೆಳಗೆ ಓಡಿ ತಯಾರಾದವರು ಎಂದು ಮಗಳಿಗೆ ಗೊತ್ತಿತ್ತು. ನಮ್ಮದೇ ಜಿಲ್ಲೆಯ ಹೊನ್ನಾವರದ ವಂದನಾ ರಾವ್ ಹೆಸರು ಗೊತ್ತಿರಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ವಲ್ಸಮ್ಮ, ಶೈನಿ, ಉಷಾ ಅವರ ಜೊತೆ 4x400 ಮೀಟರ್ ರಿಲೇಯ ಫೈನಲ್ ಓಡಿ, 3 ನಿಮಿಷ 32.49 ಸೆಕೆಂಡಿನ ಏಷ್ಯಾ ದಾಖಲೆ ಮಾಡಿದ ತಂಡದಲ್ಲಿದ್ದವರು. 1986ರ ಸಿಯೋಲ್ ಏಷ್ಯಾಡಿನಲ್ಲಿ ಚಿನ್ನ ಗೆದ್ದವರು. "ಹೊನ್ನಾವರ ಅಂದ್ರೆ ನಾವು ರೈಲಲ್ಲಿ ಹೋಗ್ತೀವಲ್ಲ, ಶರಾವತಿ ಸೇತುವೆ, ಅದೇನಾ?" ಎಂದು ಎರಡು ಸಲ ಕೇಳಿದಳು. ಅದೇ.

ಅದಕ್ಕಿಂತ ಹಳೆಯ ಕಥೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರದು. ಒಲಿಂಪಿಕ್ಸ್ ಮ್ಯಾರಥಾನಿನ ಗುರಿ ಮುಟ್ಟಿದ ಮೊದಲ ಭಾರತೀಯ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ, 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ಚಿಕ್ಕ ತಂಡ ಕಳಿಸಲು ನೆರವಾದರು. ಮುಂಬಯಿಯಿಂದ ಹಡಗಿನಲ್ಲಿ ಕಡಲು ದಾಟಿ ಹೋದ ಆ ತಂಡದಲ್ಲಿ ಚೌಗುಲೆ ಇದ್ದರು. ಆಗಸ್ಟ್ 22ರಂದು ತಂಪು ಹವೆ, ಮಳೆ. ದೂರವೋ ಈಗಿನ 42.195 ಅಲ್ಲ, 42.75 ಕಿಲೋಮೀಟರು. ಒಲಿಂಪಿಕ್ಸ್ ಮ್ಯಾರಥಾನುಗಳಲ್ಲೇ ಅತಿ ಉದ್ದದ್ದು. ಫಿನ್‌ಲ್ಯಾಂಡಿನ ಹನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಬೆಳಗಾವಿಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದರು. ಬಿಸಿಲ ನಾಡಿನಿಂದ ಹೋದವರಿಗೆ ಆ ತಂಪು ಮಳೆ ಹೇಗನಿಸಿತೋ ಎಂದು ಮಗಳು ತುಂಬ ಹೊತ್ತು ಯೋಚಿಸುತ್ತಿದ್ದಳು. "ಗಾಳಿ ಮಾತ್ರ ಚೆನ್ನಾಗಿತ್ತು ಅಂತ ಅನ್ಸತ್ತೆ, ಮಳೆ ಬಂದಿತ್ತಲ್ಲ" ಎಂದಳು ಕೊನೆಗೆ. ದೆಹಲಿಯ ಮಕ್ಕಳ ಯೋಚನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

ಊರು ಬಿಡುವ ಹಿಂದಿನ ದಿನ ಬಲೆ ಬಿಡಿಸುವ ಆ ಹಿರಿಯರು ಮತ್ತೆ ಸಿಕ್ಕರು. ಮಗಳಿಗೂ ಅವರಿಗೂ ಅಷ್ಟು ಹೊತ್ತಿಗೆ ಸ್ನೇಹವಾಗಿತ್ತು. ವರ್ಷವಿಡೀ ಹೀಗೆ ಸಮುದ್ರಕ್ಕೆ ಹೋಗುತ್ತೀರಾ ಎಂದು ಕೇಳಿದಳು. ಅವರು ಯಂತ್ರದ ಬೋಟಿನಲ್ಲಿ ದುಡಿದವರು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಮಳೆಗಾಲದ ಕಡಲೂ ಕೆಟ್ಟದ್ದು.

"ಎರಡು ತಿಂಗಳು ಸುಮ್ನೆ ಕೂತ್ಕೊಂಡ್ರೆ ಬೇಜಾರಾಗಲ್ವಾ?"

"ಸುಮ್ಮನೆ ಎಲ್ಲಿ ಕೂತ್ಕೊಳ್ತೇವೆ? ಬಲೆ ಹೊಲೀತೇವೆ, ಬೋಟಿಗೆ ಬಣ್ಣ ಹಚ್ತೇವೆ, ಇಂಜಿನ್ ಬಿಚ್ಚಿ ನೋಡ್ತೇವೆ. ಆ ಕೆಲಸ ಮಾಡದೇ ಇದ್ರೆ ಆಗಸ್ಟಿಗೆ ಹೋಗೋದು ಹೇಗೆ?"

ಮಗಳು ಏನೂ ಹೇಳಲಿಲ್ಲ. ಆ ದಿನ ನೀರು ಬಿಟ್ಟ ಮರಳಿನಲ್ಲಿ ಹದಿನಾಲ್ಕು ಕಿಲೋಮೀಟರು ಓಡಿದ್ದಳು, ಎದೆಯಲ್ಲಿ ಸಿಳ್ಳೆ ಇರಲಿಲ್ಲ.

ದೆಹಲಿಗೆ ಬಂದ ಮೇಲೆ ಅವಳು ತನ್ನ ಪಟ್ಟಿ ತಾನೇ ಬದಲಿಸಿಕೊಂಡಳು. ಬೆಳಗಿನ ಓಟ ಬಿಟ್ಟಳು. ದಿನಾ ಹನ್ನೊಂದಕ್ಕೆ ಫೋನಿನಲ್ಲಿ ಹತ್ತಿರದ ಮಾಪನ ಕೇಂದ್ರದ ಅಂಕಿ ನೋಡುತ್ತಾಳೆ. 2015ರಿಂದ ಸರ್ಕಾರವೇ ಕೊಡುತ್ತಿರುವ ಗಾಳಿಯ ಸೂಚ್ಯಂಕ ಅದು. 200ರ ಒಳಗಿದ್ದರೆ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಕಾಲೇಜಿನ ಬಿಡುವು ನೋಡಿಕೊಂಡು ಓಟ. 200 ದಾಟಿದರೆ ನಿಧಾನದ ನಡಿಗೆ. 300 ದಾಟಿದರೆ ಮನೆಯೊಳಗೇ ಹಗ್ಗದಾಟ, ಕಾಲಿನ ವ್ಯಾಯಾಮ, ಹೊಟ್ಟೆಯ ವ್ಯಾಯಾಮ. ಇದು ಡಾಕ್ಟರರ ಜೊತೆ ಕೂತು ಅವಳ ಎದೆಗೆ ಹಾಕಿಕೊಂಡ ಗೆರೆ, ಎಲ್ಲರಿಗೂ ಇದೇ ಎಂದಲ್ಲ. ಮುಖವಾಡ ಹಾಕಿಕೊಂಡು ಓಡುವುದನ್ನೂ ಒಂದು ದಿನ ನೋಡಿದಳು. ನಡೆಯಲು ಸರಿ, ಓಡುವಾಗ ಬೆವರಿಗೆ ಒದ್ದೆಯಾಗಿ ಉಸಿರೇ ಕಟ್ಟುತ್ತದೆ, ಸಡಿಲಿಸಿದರೆ ಪಕ್ಕದಿಂದ ಹೊಲಸು ಗಾಳಿ ಒಳಗೆ. "ಬಲೆ ಹೊಲೀತಿದೀನಿ ಅಪ್ಪ" ಎನ್ನುತ್ತಾಳೆ, ಕೋಣೆಯಲ್ಲಿ ಹಗ್ಗ ಆಡುವಾಗ. ಕೆಳಗಿನ ಮನೆಯ ಪಂಜಾಬಿ ಆಂಟಿ ಎರಡು ಸಲ ಬಂದು ಛಾವಣಿ ಬೀಳುತ್ತದೆಯೇ ಎಂದು ವಿಚಾರಿಸಿಕೊಂಡು ಹೋದರು.

ಜನವರಿಯಲ್ಲಿ ಗಾಳಿ ಅವಳ ಮಾತು ಕೇಳಲಿಲ್ಲ. ಸುಮಾರು ಮೂರು ವಾರ ದೂರದ ಓಟ ಒಂದೂ ಆಗಲಿಲ್ಲ. ಇಪ್ಪತ್ತೊಂದು ಕಿಲೋಮೀಟರು ಬಿಟ್ಟು ಹತ್ತಕ್ಕೆ ಇಳಿಸಿಕೊಂಡಳು. ಆ ರಾತ್ರಿ ಅತ್ತಳು, ಅದನ್ನೂ ಬರೆಯಬೇಕು. ಮೂರು ತಿಂಗಳ ಬೆವರು ಅದು, ತಪ್ಪು ಅವಳದಲ್ಲ. ಈ ನಗರವನ್ನು ಇಷ್ಟು ವರ್ಷ ಕಟ್ಟಿದ, ಕಾರು ಕೊಂಡ, ಪಟಾಕಿ ಹೊಡೆದ, ಸುಮ್ಮನಿದ್ದ ನಮ್ಮ ತಲೆಮಾರಿನದ್ದು. ನಿಮಗೆ ನಾವು ಕನ್ನಡ ಕಲಿಸಲು ಶಾಲೆ ಕಟ್ಟಿದೆವು, ಸಂಘ ಕಟ್ಟಿದೆವು, ಉಸಿರಾಡುವ ಗಾಳಿಯ ಬಗ್ಗೆ ಒಂದು ಸಭೆಯನ್ನೂ ಕರೆಯಲಿಲ್ಲ.

ಓಟದ ದಿನ ಬೆಳಗಿನ ಗಾಳಿ ಹೇಗೋ ತಿಳಿಯಾಗಿತ್ತು. ಹಿಂದಿನ ದಿನ ಗಾಳಿ ಬೀಸಿತ್ತು. ಹತ್ತು ಕಿಲೋಮೀಟರನ್ನು ಒಂದು ಗಂಟೆ ಎರಡು ನಿಮಿಷಕ್ಕೆ ಮುಗಿಸಿ, ಪದಕ ಕೊರಳಲ್ಲಿ ಹಾಕಿಕೊಂಡೇ ಕಾರವಾರಕ್ಕೆ ಫೋನು ಹಚ್ಚಿದಳು.

"ಉಸಿರು ಸರಿ ಇದೆಯಾ ತಂಗೀ?" ಎಂದರು ನನ್ನ ತಾಯಿ ಮೊದಲಿಗೆ.

"ಸರಿ ಇದೆ ಅಜ್ಜಿ. ಅಕ್ಟೋಬರಲ್ಲಿ ದೊಡ್ಡದು ಓಡ್ತೀನಿ. ಅದಕ್ಕೆ ಮುಂಚೆ ಒಂದು ಸಲ ಅಲ್ಲಿಗೆ ಬರ್ತೀನಿ."

"ಬಾ. ಅಮಾವಾಸ್ಯೆ ನೋಡಿಕೊಂಡು ಟಿಕೀಟು ತೆಗಿ, ನೀರು ಇಳಿದಿರ್ತದೆ. ನಾನು ಒಲೆ ತಡವಾಗಿ ಹಚ್ಚುತ್ತೇನೆ."